ಕದ್ದು ಕೇಳಿದವರಿಂದ ಪರಿಹಾರ ಕೇಳಿ

ಓದುಗರ ಕಾನೂನು ಪ್ರಶ್ನೆಗಳಿಗೆ ಉಡುಪಿಯ ವಕೀಲರೊಬ್ಬರ ಉತ್ತರ

ಈಚೆಗೆ ಬಂದ ಪತ್ರಗಳಲ್ಲಿ ಫೋನಿನ ಗೋಳೇ ಜಾಸ್ತಿ. ಯಾರೋ ಮೆಸೇಜ್ ಓದಿದರು, ಯಾರೋ ಕಾಲ್ ರೆಕಾರ್ಡ್ ಮಾಡಿದರು, ಈಗ ಏನು ಮಾಡುವುದು ಅಂತ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಬಿಟ್ಟಿದ್ದೇನೆ. ಹೆಸರುಗಳನ್ನು ತೆಗೆದಿದ್ದೇನೆ, ಊರು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ನಾನು ಮಂಗಳೂರಿನ ಒಂದು ಖಾಸಗಿ ಆಫೀಸಿನಲ್ಲಿ ಕೌಂಟರ್ ಕೆಲಸ ಮಾಡುತ್ತಿದ್ದೆ. ಗಿರಾಕಿಗಳ ಯುಪಿಐ ಹಣ ಬಂತಾ ಎಂದು ನೋಡಲು ನನ್ನದೇ ಫೋನ್ ಬಳಸುತ್ತಿದ್ದೆವು, ಹಾಗಾಗಿ ಅದರ ಪಿನ್ ಎಲ್ಲರಿಗೂ ಗೊತ್ತಿತ್ತು. ನಾನು ಊಟಕ್ಕೆ ಹೋದಾಗ ಮ್ಯಾನೇಜರ್ ನನ್ನ ವಾಟ್ಸಾಪನ್ನು ಆಫೀಸಿನ ಕಂಪ್ಯೂಟರಿಗೆ ಜೋಡಿಸಿದ್ದಾರೆ. ನಾಲ್ಕು ತಿಂಗಳು ನನಗೆ ಗೊತ್ತೇ ಇಲ್ಲ. ಗರ್ಭ ನಿಲ್ಲದೆ ಹೋದ ವಿಷಯ ನಾನು ಅಕ್ಕನಿಗೆ ಮಾತ್ರ ಬರೆದಿದ್ದೆ, ಅದು ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಬಂತು. ಕೆಲಸ ಬಿಟ್ಟೆ. ಪೊಲೀಸ್, ಕೋರ್ಟ್ ಅಂದರೆ ಮನೆಯವರಿಗೆ ಹೆದರಿಕೆ. ದುಡ್ಡು ಕೇಳಿದರೆ ಜನ ಏನು ಹೇಳುತ್ತಾರೋ ಅಂತ ನನಗೂ ನಾಚಿಕೆ. ಆದರೆ ಸುಮ್ಮನೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. — ಓದುಗಿ, ಬ್ರಹ್ಮಾವರ

ಉತ್ತರ: ಮೊದಲು ಆ ನಾಚಿಕೆಯ ಮಾತು. ಗದ್ದೆಗೆ ಯಾರದೋ ದನ ನುಗ್ಗಿ ಬೆಳೆ ತಿಂದರೆ ನಷ್ಟ ಕಟ್ಟಿಕೊಡಿ ಎಂದು ಕೇಳುವುದಕ್ಕೆ ನಮ್ಮಲ್ಲಿ ಯಾರೂ ನಾಚುವುದಿಲ್ಲ. ಅಕ್ಕನಿಗೆ ಅಳುತ್ತಾ ಬರೆದ ಮಾತನ್ನು ಒಬ್ಬ ಕೂತು ಓದಿದ, ಓದಿ ಹಂಚಿದ ಅಂದರೆ ಅದಕ್ಕಿಂತ ದೊಡ್ಡ ನಷ್ಟವೇ ಆಯಿತು. ಅದನ್ನು ಕಟ್ಟಿಕೊಡು ಎಂದು ಕೇಳುವ ದಾರಿ ಕಾನೂನಿನಲ್ಲಿ ಇದೆ. ಎರಡು ದಶಕಕ್ಕಿಂತ ಹಿಂದಿನಿಂದಲೇ ಇದೆ. ನಮ್ಮ ಕಡೆ ಆ ಬಾಗಿಲು ತಟ್ಟುವವರು ಕಡಿಮೆ, ಅಷ್ಟೇ.

2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಅದು. ಕಂಪ್ಯೂಟರಿನ ಮಾಲೀಕರ ಅಥವಾ ಅದು ಯಾರ ವಶದಲ್ಲಿದೆಯೋ ಅವರ ಒಪ್ಪಿಗೆ ಇಲ್ಲದೆ ಅದರೊಳಗೆ ಹೋದರೆ, ಅದರಲ್ಲಿದ್ದದ್ದನ್ನು ನಕಲು ಮಾಡಿದರೆ, ತೊಂದರೆ ಆದವರಿಗೆ ಪರಿಹಾರ ಕೊಡಬೇಕು ಎನ್ನುತ್ತದೆ. ಈ ಕಾಯ್ದೆಯ ಲೆಕ್ಕದಲ್ಲಿ ನಿಮ್ಮ ಮೊಬೈಲ್ ಕೂಡ ಕಂಪ್ಯೂಟರೇ. ಪಿನ್ ಗೊತ್ತಿತ್ತು ಎಂದ ಮಾತ್ರಕ್ಕೆ ಒಪ್ಪಿಗೆ ಇತ್ತು ಅಂತ ಆಗುವುದಿಲ್ಲ. ಹಣ ಬಂತಾ ನೋಡಲು ಕೊಟ್ಟ ಪಿನ್ ಅದು, ಅಕ್ಕನ ಹತ್ತಿರ ಮಾತಾಡಿದ್ದನ್ನು ಓದಲು ಕೊಟ್ಟದ್ದಲ್ಲ. ಅವರ ವಕೀಲರು ಬಂದು "ಕಂಪ್ಯೂಟರ್ ಆಫೀಸಿನದ್ದು, ಆಫೀಸಿನ ಕಂಪ್ಯೂಟರಿನಲ್ಲಿ ಆಫೀಸಿನವರು ನೋಡಿದ್ದಾರೆ" ಎಂದು ವಾದ ಮಾಡಬಹುದು. ಮಾಡಲಿ. ಕಿಟಕಿ ಅವರದ್ದೇ ಇರಬಹುದು, ಅದರಿಂದ ಇಣುಕಿದ್ದು ನಿಮ್ಮ ಮನೆಯೊಳಗೆ. ಜೋಡಿಸುವಾಗ ಅವರು ಕೈಯಲ್ಲಿ ಹಿಡಿದದ್ದು ನಿಮ್ಮ ಫೋನನ್ನು.

ಎಲ್ಲಿಗೆ ಹೋಗಬೇಕು ಎನ್ನುವುದರಲ್ಲಿ ಜಾಸ್ತಿ ಜನ ತಪ್ಪುತ್ತಾರೆ, ಕೆಲವೊಮ್ಮೆ ವಕೀಲರೂ ತಪ್ಪುತ್ತಾರೆ. 5 ಕೋಟಿ ರೂಪಾಯಿವರೆಗಿನ ಇಂಥ ಪರಿಹಾರವನ್ನು ಮಂಗಳೂರಿನ ಅಥವಾ ಉಡುಪಿಯ ಸಿವಿಲ್ ಕೋರ್ಟಿನಲ್ಲಿ ಕೇಳುವ ಹಾಗಿಲ್ಲ, 61ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಅಡ್ಜುಡಿಕೇಟಿಂಗ್ ಆಫೀಸರ್ ಎಂಬ ಅಧಿಕಾರಿಯ ಮುಂದೆ ಅರ್ಜಿ ಹಾಕಬೇಕು. ಪ್ರತಿ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ಆ ಅಧಿಕಾರಿ ಎಂದು 2003ರಲ್ಲೇ ಕೇಂದ್ರ ಸರಕಾರ ಆದೇಶ ಮಾಡಿದೆ. ನಮಗೆ ಅದು ಬೆಂಗಳೂರು. ಕರಾವಳಿಯವರಿಗೆ ಇದೂ ಒಂದು ಕಷ್ಟ, ರಾತ್ರಿ ಬಸ್ ಹತ್ತಬೇಕು. ಆದರೂ ಹೆದರಬೇಡಿ. ಫೀಸ್ ದೊಡ್ಡದೇನಲ್ಲ: 1 ಲಕ್ಷಕ್ಕಿಂತ ಜಾಸ್ತಿ ಕೇಳಿದರೆ 5,000 ರೂಪಾಯಿ, ಅದರ ಮೇಲೆ 1 ಲಕ್ಷ ದಾಟಿದ ಮೊತ್ತಕ್ಕೆ ನೂರಕ್ಕೆ 2ರಂತೆ. ನೀವು 5 ಲಕ್ಷ ಕೇಳಿದರೆ ಸುಮಾರು 13,000 ಆಗುತ್ತದೆ. ಅರ್ಜಿಯನ್ನು ಸಾಧ್ಯವಾದರೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಆರು ತಿಂಗಳಲ್ಲಿ ಮುಗಿಸಬೇಕು ಎಂದು ನಿಯಮ ಇದೆ. ನಿಯಮದಲ್ಲಿ ಇದ್ದ ಹಾಗೆಯೇ ಎಲ್ಲ ನಡೆಯುತ್ತದೆ ಎಂದು ನಾನು ಮಾತು ಕೊಡಲಾರೆ, ಆದರೆ ವಾಯಿದೆ ಮೇಲೆ ವಾಯಿದೆ ಬಿದ್ದಾಗ ತೋರಿಸಲು ಆ ಸಾಲು ನಿಮ್ಮ ಕೈಯಲ್ಲಿರುತ್ತದೆ.

ಈಗ ಸಾಕ್ಷಿ. ಇದನ್ನು ದಯವಿಟ್ಟು ಎರಡು ಸಲ ಓದಿ. ಒಮ್ಮೆ ನನ್ನ ಚೇಂಬರಿಗೆ ಹೀಗೇ ಮೋಸ ಹೋದ ಒಬ್ಬರು ಬಂದಿದ್ದರು. ಫೋನ್ ಮೇಜಿನ ಮೇಲಿಟ್ಟು, "ನೋಡಿ ಸಾರ್, ಎಲ್ಲ ಕ್ಲೀನ್ ಮಾಡಿ ತಂದಿದ್ದೇನೆ" ಎಂದರು. ಸಿಟ್ಟಿನಲ್ಲಿ ಲಾಗೌಟ್ ಒತ್ತಿ, ವಾಟ್ಸಾಪ್ ತೆಗೆದುಹಾಕಿ, ಕೊನೆಗೆ ಫೋನನ್ನೇ ರೀಸೆಟ್ ಮಾಡಿದ್ದರು. ಸೆಟಿಂಗ್ಸ್ ಒಳಗೆ ಹೋಗಿ ನೋಡಿದೆ, ಹೊಸ ಫೋನಿನ ಹಾಗೆ ಖಾಲಿ. ಯಾವ ಕಂಪ್ಯೂಟರ್ ಜೋಡಣೆಯಾಗಿತ್ತು, ಕೊನೆಯ ಸಲ ಯಾವಾಗ ತೆರೆದಿತ್ತು, ಎಲ್ಲ ಅಲ್ಲೇ ಇತ್ತು, ಅವರ ಕೈಯಾರೆ ಹೋಯಿತು. ಆ ಮನುಷ್ಯ ಹೇಳಿದ್ದೆಲ್ಲ ನಿಜ ಎಂದು ನನಗೆ ಗೊತ್ತಿತ್ತು, ಆದರೂ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅವರು ಮೆಟ್ಟಿಲು ಇಳಿದು ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನೀವು ಇನ್ನೂ ಲಾಗೌಟ್ ಮಾಡಿಲ್ಲದಿದ್ದರೆ ಮೊದಲು ಇನ್ನೊಂದು ಫೋನ್ ತೆಗೆದುಕೊಳ್ಳಿ. ನಿಮ್ಮ ಫೋನಿನ ಲಾಕ್ ತೆರೆಯುವಲ್ಲಿಂದ ಶುರುಮಾಡಿ, ವಾಟ್ಸಾಪಿನ ಮೂರು ಚುಕ್ಕಿ ಒತ್ತುವುದು, ಲಿಂಕ್ಡ್ ಡಿವೈಸಸ್ ತೆರೆಯುವುದು, ಅಲ್ಲಿ ಬ್ರೌಸರಿನ ಹೆಸರು, ಕೊನೆಯ ಸಲ ಬಳಸಿದ ಹೊತ್ತು ಕಾಣುವುದು, ಎಲ್ಲವನ್ನೂ ನಿಲ್ಲಿಸದೆ ಒಂದೇ ವಿಡಿಯೋದಲ್ಲಿ ಹಿಡಿಯಿರಿ. ಸ್ಕ್ರೀನ್‌ಶಾಟ್ ಕೂಡ ಇರಲಿ. ಆಮೇಲೆ ಲಾಗೌಟ್ ಮಾಡಿ, ಪಿನ್ ಬದಲಿಸಿ. ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ಯಾರು ಯಾವತ್ತು ಬಂದು ನಿಮ್ಮ ಹತ್ತಿರ ಏನು ಹೇಳಿದರು, ಅದು ನೀವು ಅಕ್ಕನಿಗೆ ಯಾವತ್ತು ಬರೆದ ಮಾತು, ಇವೆರಡನ್ನೂ ತಾರೀಕು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಅಕ್ಕಪಕ್ಕ ಬರೆದಿಡಿ. ಅಕ್ಕನ ಫೋನನ್ನೂ ಹಾಗೇ ಇಟ್ಟುಕೊಳ್ಳಲು ಹೇಳಿ, ಆ ಮಾತಿನ ಇನ್ನೊಂದು ತುದಿ ಅಲ್ಲಿದೆ. ಆಫೀಸಿನ ಕಂಪ್ಯೂಟರಿಗೆ ಮಾತ್ರ ನೀವಾಗಿಯೇ ಕೈ ಹಾಕಬೇಡಿ, ಆಗ ನೀವೂ ಅದೇ ತಪ್ಪು ಮಾಡಿದ ಹಾಗಾಗುತ್ತದೆ. ಅದನ್ನು ಅಳಿಸಕೂಡದು, ಕೌಂಟರಿನ ಸಿಸಿಟಿವಿ ಇದ್ದರೆ ಅದನ್ನೂ ಉಳಿಸಬೇಕು ಎಂದು ವಕೀಲರಿಂದ ಒಂದು ನೋಟೀಸ್ ಈ ವಾರವೇ ಹೋಗಲಿ. ದಾಖಲೆ ತರಿಸಲು, ಸಾಕ್ಷಿ ಕರೆಸಲು ಅಡ್ಜುಡಿಕೇಟಿಂಗ್ ಆಫೀಸರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ, ಪೊಲೀಸ್ ಡಿವೈಎಸ್‌ಪಿಯಿಂದ ತನಿಖೆ ಕೂಡ ಮಾಡಿಸಬಹುದು.

ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿ ಕೊಟ್ಟರೆ ಸಾಕಾಗುವುದಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ನೀವು ಸಹಿ ಮಾಡುತ್ತೀರಿ, ಇನ್ನೊಂದನ್ನು ತಜ್ಞರು. ಫೈಲಿನ ಹ್ಯಾಶ್ ವ್ಯಾಲ್ಯೂವನ್ನೂ ಅದರಲ್ಲಿ ಬರೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಅಕ್ಷರ ಬದಲಾದರೂ ಬೇರೆಯಾಗುತ್ತದೆ. ಅದಕ್ಕೇ ಮೂಲ ವಿಡಿಯೋವನ್ನು ಎಡಿಟ್ ಮಾಡಬೇಡಿ, ವಾಟ್ಸಾಪಿನಲ್ಲಿ ಕಳಿಸಿ ಆ ಕಾಪಿಯನ್ನೇ ಮೂಲ ಎಂದು ಇಟ್ಟುಕೊಳ್ಳಬೇಡಿ.

ಪೊಲೀಸ್ ದೂರು ಬೇಡ ಎಂದು ಮನೆಯವರು ಹೇಳುತ್ತಾರೆ ಎಂದಿದ್ದೀರಿ. ಪರಿಹಾರದ ಅರ್ಜಿಗೆ ಪೊಲೀಸ್ ದೂರು ಆಗಲೇಬೇಕು ಅಂತಿಲ್ಲ. ಆದರೆ ಎರಡೂ ಒಟ್ಟಿಗೆ ನಡೆಯಬಹುದು, ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಐಟಿ ಕಾಯ್ದೆಯ 77ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಮಹಿಳೆಯ ಇಂಟರ್ನೆಟ್, ಇಮೇಲ್, ಮೆಸೇಜುಗಳ ಮೇಲೆ ಗಂಡಸೊಬ್ಬ ಕಣ್ಣಿಟ್ಟರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಹಿಂಬಾಲಿಸಿ ಕಾಡಿದ ಅಪರಾಧ, ಮೊದಲ ಸಲಕ್ಕೆ 3 ವರ್ಷದವರೆಗೆ ಶಿಕ್ಷೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. ನನ್ನನ್ನು ಕೇಳಿದರೆ ದೂರು ಕೊಡುವುದೇ ಒಳ್ಳೆಯದು, ಯಾಕೆಂದರೆ ಆ ಕಂಪ್ಯೂಟರನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಳ್ಳಲು ಅವರಿಗೆ ಆಗುತ್ತದೆ, ನಿಮಗೆ ಆಗುವುದಿಲ್ಲ.

ಓದಿದ್ದು ಒಂದು ತಪ್ಪು, ಹಂಚಿದ್ದು ಇನ್ನೊಂದು. ಇನ್ನು ಮುಂದೆ ಹಂಚದ ಹಾಗೆ ತಡೆಯಾಜ್ಞೆ ಬೇಕಿದ್ದರೆ ಅದಕ್ಕೆ ಇಲ್ಲಿನ ಸಿವಿಲ್ ಕೋರ್ಟಿಗೇ ಬರಬಹುದು. ಖಾಸಗಿತನ ಮುರಿದವರ ಮೇಲೆ ನಷ್ಟ ಪರಿಹಾರದ ದಾವೆ ಹಾಕಬಹುದು ಎಂದು 1994ರಲ್ಲೇ ಆಟೋ ಶಂಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರಲ್ಲ, ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಆ ವಯಸ್ಸಿನಲ್ಲಿ ಅವರು ಕೋರ್ಟಿಗೆ ಹೆದರಲಿಲ್ಲ.

ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಎಂದು ಕಾನೂನೇ ಹೇಳುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಸಮಯ ಮೂರು ವರ್ಷ ಎಂದು ಇಟ್ಟುಕೊಳ್ಳಿ, ಮಾನಹಾನಿ ಎಂದು ದಾವೆ ಹಾಕುವುದಾದರೆ ಒಂದೇ ವರ್ಷ. ಮೂರು ವರ್ಷ ಇದೆಯಲ್ಲ ಎಂದು ಕೂತರೆ ಸಾಕ್ಷಿ ಮೂರು ತಿಂಗಳಲ್ಲಿ ಹೋಗುತ್ತದೆ.

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಹೆಂಡತಿಯ ಫೋನಿಗೆ ರಜೆಯಲ್ಲಿ ಬಂದಾಗ ಒಂದು ಆಪ್ ಹಾಕಿ ಹೋಗಿದ್ದೆ. ಅವಳ ಎಲ್ಲ ಕಾಲ್ ನನಗೆ ಬರುತ್ತದೆ. ತಾಯಿ, ತಂಗಿ, ಜೊತೆಗೆ ಕೆಲಸ ಮಾಡುವ ಒಬ್ಬನ ಜೊತೆ ಆಡಿದ ಮಾತು ಎಲ್ಲ ಇದೆ. ಡೈವೋರ್ಸ್ ಕೇಸಿನಲ್ಲಿ ಇದನ್ನು ಹಾಕಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಫೋನ್ ನಾನೇ ಕೊಡಿಸಿದ್ದು, ಬಿಲ್ ನನ್ನ ಹೆಸರಲ್ಲಿದೆ. — ಓದುಗ, ಕಾಪು

ಉತ್ತರ: ನಿಮಗೆ ಬೇಸರವಾದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆ ಆಪನ್ನು ಇವತ್ತೇ ನಿಲ್ಲಿಸಿ. ನೀವು ಮಾಡಿದ್ದು ತಪ್ಪು, ಕಾನೂನಿನ ಲೆಕ್ಕದಲ್ಲಿ ನಿಮ್ಮನ್ನು ಪರಿಹಾರ ಕೇಳುವ ಹಕ್ಕು ಈಗ ಕನಿಷ್ಠ ನಾಲ್ಕು ಜನರಿಗೆ ಇದೆ.

ನೀವು ಹೇಳುವ ತೀರ್ಪು 2025ರ ಜುಲೈ 14ರದ್ದು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮಾ ಅವರ ಪೀಠ ಕೊಟ್ಟದ್ದು. ಅದು ಗಂಡ ಹೆಂಡತಿ ತಮ್ಮತಮ್ಮಲ್ಲಿ ಆಡಿದ ಮಾತನ್ನು ಒಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿದ ಪ್ರಕರಣ. ದಾಂಪತ್ಯದ ಕೇಸಿನಲ್ಲಿ ಅಂಥ ರೆಕಾರ್ಡಿಂಗನ್ನು ಸಾಕ್ಷಿಯಾಗಿ ನೋಡಬಹುದು ಎಂದು ಕೋರ್ಟ್ ಹೇಳಿತು. ಅಲ್ಲಿ ರೆಕಾರ್ಡ್ ಮಾಡಿದ ಮನುಷ್ಯ ಆ ಮಾತುಕತೆಯಲ್ಲಿ ತಾನೂ ಇದ್ದ. ನೀವು ಇರಲಿಲ್ಲ. ನಿಮ್ಮ ಹೆಂಡತಿ ತಾಯಿಯ ಹತ್ತಿರ ಮಾತಾಡುವಾಗ ನೀವು ಸಾವಿರಾರು ಮೈಲಿ ದೂರದಲ್ಲಿ ಕೂತು ಕದ್ದು ಕೇಳಿದಿರಿ. ಹೆಂಡತಿ ಬೇರೆಯವರ ಜೊತೆ ಆಡಿದ ಮಾತನ್ನು ಅವಳಿಗೆ ತಿಳಿಯದೆ ಗಂಡ ರೆಕಾರ್ಡ್ ಮಾಡುವುದು ಕಾನೂನುಬಾಹಿರ, ಖಾಸಗಿತನಕ್ಕೆ ಕೊಟ್ಟ ಪೆಟ್ಟು ಎಂದು 2008ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಹೇಳಿದೆ. ಹೆಂಡತಿಗೆ ಸಂಬಂಧ ಇದೆ ಎಂದು ತೋರಿಸಲು ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರ ತರಿಸಲು ಹೊರಟ ಗಂಡನಿಗೆ 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅವಕಾಶ ಕೊಡಲಿಲ್ಲ. ಕೇಸಿನಲ್ಲಿ ಇಲ್ಲದವರ ಖಾಸಗಿತನ ನಿಮ್ಮ ಜಗಳಕ್ಕೆ ಬಲಿಯಾಗಬಾರದು ಎನ್ನುವುದು ಅದರ ಸಾರ.

ಇನ್ನೊಂದು ವಿಷಯ ಗಮನಿಸಿ. ಕೋರ್ಟ್ ಒಂದು ಸಾಕ್ಷಿಯನ್ನು ನೋಡಲು ಒಪ್ಪಿತು ಅಂದರೆ ಅದನ್ನು ತಂದ ರೀತಿ ಸರಿ ಎಂದು ಹೇಳಿದ ಹಾಗಲ್ಲ. ಸಾಕ್ಷಿ ಒಳಗೆ ಬರಬಹುದು, ತಂದವರ ಮೇಲೆ ಕೇಸೂ ಬರಬಹುದು.

ಬಿಲ್ಲಿನ ಮಾತು ಜಾಸ್ತಿ ದೂರ ಹೋಗುವುದಿಲ್ಲ. ಕೊಡಿಸಿದ ಮೇಲೆ ಅದು ಅವರ ಫೋನ್, ಅವರ ವಶದಲ್ಲಿರುವ ಫೋನ್. ಮದುವೆಗೆ ಕೊಡಿಸಿದ ಸೀರೆಯ ಬಿಲ್ ಯಾರ ಹೆಸರಲ್ಲಿದೆ ಎಂದು ಯಾರಾದರೂ ಕೇಳುತ್ತಾರಾ? ಮೇಲೆ ಬ್ರಹ್ಮಾವರದವರಿಗೆ ಹೇಳಿದ 43ನೇ ಸೆಕ್ಷನ್ ನಿಮ್ಮ ಮೇಲೂ ಬರುತ್ತದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 22ನೇ ಸೆಕ್ಷನ್ನಿನಲ್ಲಿ ಮಾನಸಿಕ ಹಿಂಸೆಗೆ ಪರಿಹಾರ ಕೊಡು ಎಂದು ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಬರೆದಿಲ್ಲ. ದೂರದಲ್ಲಿ ಒಬ್ಬರೇ ಇದ್ದಾಗ ಅನುಮಾನ ಎಂಥ ಸಂಕಟ ಎಂದು ನನಗೆ ಅಂದಾಜಿದೆ, ಗಲ್ಫಿನಿಂದ ಬಂದ ಎಷ್ಟೋ ಜನ ನನ್ನೆದುರು ಕೂತು ಅತ್ತಿದ್ದಾರೆ. ರೆಕಾರ್ಡಿಂಗನ್ನು ಯಾರಿಗೂ ಕಳಿಸಬೇಡಿ, ಸಂಬಂಧಿಕರಿಗೆ ಅಂತೂ ಬೇಡವೇ ಬೇಡ. ಅಳಿಸಬೇಕೋ ಇಟ್ಟುಕೊಳ್ಳಬೇಕೋ ಎನ್ನುವುದನ್ನು ಮಾತ್ರ ಒಬ್ಬ ವಕೀಲರ ಎದುರು ಕೂತು ತೀರ್ಮಾನಿಸಿ, ಸಾಕ್ಷಿ ನಾಶ ಎಂಬ ಇನ್ನೊಂದು ತಲೆನೋವು ಬರಬಾರದು.

ಪ್ರಶ್ನೆ: ಮನೆ ಕಟ್ಟುವ ಕಂಟ್ರಾಕ್ಟರ್ ಫೋನಿನಲ್ಲಿ ಒಪ್ಪಿಕೊಂಡ ಮಾತನ್ನು ನಾನು ರೆಕಾರ್ಡ್ ಮಾಡಿದ್ದೇನೆ. ಅವರಿಗೆ ಹೇಳಿರಲಿಲ್ಲ. ಈಗ ನನ್ನ ಮೇಲೆಯೇ ಕೇಸ್ ಹಾಕುತ್ತೇನೆ ಅನ್ನುತ್ತಾರೆ. — ಓದುಗ, ಸುರತ್ಕಲ್

ಉತ್ತರ: ನೀವೇ ಆಡಿದ ಮಾತುಕತೆಯನ್ನು ನೀವು ರೆಕಾರ್ಡ್ ಮಾಡಿದರೆ ಅದು ಕದ್ದು ಕೇಳಿದ್ದಲ್ಲ. ಮಾತಾಡುವ ಇಬ್ಬರಲ್ಲಿ ಒಬ್ಬರಿಗೆ ಗೊತ್ತಿದ್ದು ರೆಕಾರ್ಡ್ ಆದದ್ದನ್ನು 1972ರ ಮಲ್ಕಾನಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಸಾಕ್ಷಿಯಾಗಿ ಒಪ್ಪಿದೆ. ದುಡ್ಡಿನ ವ್ಯವಹಾರಕ್ಕೆ ಧೈರ್ಯವಾಗಿ ಬಳಸಿ. ಆದರೆ ಅದನ್ನು ಊರಿನ ಗ್ರೂಪಿಗೆ ಹಾಕಿ ಮಾನ ಕಳೆಯಲು ಹೋಗಬೇಡಿ, ಅಲ್ಲಿಂದ ಬೇರೆ ಕಥೆ ಶುರುವಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಒಂದು ಹೋರಾಟದಲ್ಲಿ ಇದ್ದೇನೆ. ನನ್ನ ಫೋನನ್ನು ಪೊಲೀಸರು ಕೇಳುತ್ತಿದ್ದಾರೆ ಎಂಬ ಬಲವಾದ ಅನುಮಾನ ಇದೆ. ಸರಕಾರದ ಮೇಲೆ ಪರಿಹಾರದ ದಾವೆ ಹಾಕಬಹುದಾ? — ಓದುಗ, ಕುಂದಾಪುರ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ನನಗೆ ನನ್ನ ಚಿಕ್ಕಂದಿನ ಊರು ನೆನಪಾಯಿತು. ಇಡೀ ಊರಿಗೆ ಒಂದೇ ಫೋನ್, ದಿನಸಿ ಅಂಗಡಿಯಲ್ಲಿ. ಬೊಂಬಾಯಿಯಿಂದ ಟ್ರಂಕ್ ಕಾಲ್ ಬಂದರೆ ಅಂಗಡಿಯಲ್ಲಿ ಅಕ್ಕಿ ತೂಗಿಸಿಕೊಳ್ಳುತ್ತಿದ್ದವರೆಲ್ಲ ಸುಮ್ಮನಾಗುತ್ತಿದ್ದರು, ತಕ್ಕಡಿ ಹಾಗೇ ನಿಲ್ಲುತ್ತಿತ್ತು, ಹೋಟೆಲ್ ಕೆಲಸಕ್ಕೆ ಹೋದ ಮಗ ಹಣ ಕಳಿಸುತ್ತಾನಾ ಇಲ್ಲವಾ ಎನ್ನುವುದು ತಾಯಿಯ ಜೊತೆಗೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಆದರೆ ಎಲ್ಲರೂ ಕೇಳುತ್ತಿದ್ದಾರೆ ಎಂದು ಆ ತಾಯಿಗೂ ಗೊತ್ತಿತ್ತು, ಹೇಳಬಾರದ್ದನ್ನು ಅವರು ಕಾಗದದಲ್ಲಿ ಬರೆಸುತ್ತಿದ್ದರು. ಇವತ್ತು ಮುಚ್ಚಿದ ಬಾಗಿಲ ಹಿಂದೆ ಕೂತು, ಇದು ಇಬ್ಬರಲ್ಲೇ ಉಳಿಯುತ್ತದೆ ಎಂದು ನಂಬಿ ಮಾತಾಡುತ್ತೇವೆ. ನಂಬಿಸಿ ಕೇಳುವುದು ಇದೆಯಲ್ಲ, ಅದೇ ನನಗೆ ಸಹಿಸಲಾಗದ್ದು.

ಸರಕಾರಕ್ಕೆ ಫೋನ್ ಕೇಳುವ ಅಧಿಕಾರ ಇದೆ, ಬೇಕಾದ ಹಾಗೆ ಇಲ್ಲ. ದೂರವಾಣಿ ಮಾತು ಬದುಕುವ ಹಕ್ಕಿನ ಭಾಗ ಎಂದು 1996ರ ಡಿಸೆಂಬರಿನಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ವಿಷಯ ಇರಬೇಕು, ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಒಂದು ಆದೇಶ 60 ದಿನ, ಎಷ್ಟು ಎಳೆದರೂ ಒಟ್ಟು 180 ದಿನ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿಯ ಸಮಿತಿ ಅದನ್ನು ಪರಿಶೀಲಿಸಬೇಕು. ಈಗ 2023ರ ದೂರಸಂಪರ್ಕ ಕಾಯ್ದೆ, ಅದರ ಕೆಳಗೆ 2024ರ ಡಿಸೆಂಬರಿನಲ್ಲಿ ಬಂದ ನಿಯಮಗಳು ಇದನ್ನೇ ಮುಂದುವರಿಸಿವೆ. ಅಧಿಕಾರ ಇಲ್ಲದೆ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು, 2 ಕೋಟಿವರೆಗೆ ದಂಡ. ಫೋನ್ ಕದ್ದಾಲಿಕೆಯ ಬಿಸಿ ಎಂಥದು ಎಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ, 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಅದೇ ಆರೋಪದ ಮೇಲೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸರಕಾರದ ಮೇಲಾದರೆ ಸಿವಿಲ್ ದಾವೆಗಿಂತ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಒಳ್ಳೆಯ ದಾರಿ. ಉಡುಪಿ, ದಕ್ಷಿಣ ಕನ್ನಡಕ್ಕೆ ಅದು ಬೆಂಗಳೂರಿನ ಪೀಠ. ಮೂಲಭೂತ ಹಕ್ಕು ಮುರಿದದ್ದಕ್ಕೆ ಪರಿಹಾರ ಕೊಡಿಸುವ ಅಧಿಕಾರ ಹೈಕೋರ್ಟಿಗೆ ಇದೆ. 2019ರಲ್ಲಿ ಬಾಂಬೆ ಹೈಕೋರ್ಟ್, 2025ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್ ಕದ್ದಾಲಿಕೆ ಆದೇಶಗಳನ್ನೇ ರದ್ದು ಮಾಡಿವೆ. ಆದರೆ ಆ ಪ್ರಕರಣಗಳಲ್ಲಿ ಆದೇಶದ ಕಾಗದ ಹೊರಗೆ ಬಂದಿತ್ತು. ನಿಮ್ಮ ಹತ್ತಿರ ಈಗ ಇರುವುದು ಅನುಮಾನ. ಮಾತಿನ ನಡುವೆ ಟಿಕ್ ಟಿಕ್ ಶಬ್ದ ಬರುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂದು ಬರೆದಿದ್ದೀರಿ. ಅದು ಸಾಕ್ಷಿ ಆಗುವುದಿಲ್ಲ, ಎಕ್ಸ್‌ಚೇಂಜಿನ ಕಡೆಯಿಂದ ಕೇಳಿದರೆ ನಿಮ್ಮ ಫೋನಿನಲ್ಲಿ ಶಬ್ದವೇ ಬರುವುದಿಲ್ಲ. ನೀವು ಫೋನಿನಲ್ಲಿ ಮಾತ್ರ ಹೇಳಿದ ವಿಷಯ ಪೊಲೀಸರ ಕಾಗದದಲ್ಲಿ, ನೋಟೀಸಿನಲ್ಲಿ, ಚಾರ್ಜ್‌ಶೀಟಿನಲ್ಲಿ ಎಲ್ಲಾದರೂ ಕಂಡರೆ ಆಗ ಕೇಸ್ ಹುಟ್ಟುತ್ತದೆ. ಆ ಕಾಗದವನ್ನು ಜೋಪಾನ ಮಾಡಿ ನನಗೆ ಬರೆಯಿರಿ.

ಪ್ರಶ್ನೆ: ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇಂಥ ಕೇಸಿಗೆ ಕೋಟಿಗಟ್ಟಲೆ ಸಿಗುತ್ತದೆಯಂತೆ. ಇಲ್ಲಿ ಯಾಕೆ ಇಲ್ಲ? — ಕಾನೂನು ವಿದ್ಯಾರ್ಥಿ, ಮಣಿಪಾಲ

ಉತ್ತರ: ಅಮೆರಿಕದ 1968ರ ವೈರ್‌ಟ್ಯಾಪ್ ಕಾಯ್ದೆಯಲ್ಲಿ ಯಾರ ಮಾತನ್ನು ಕದ್ದು ಕೇಳಲಾಯಿತೋ ಅವರೇ ನೇರ ಸಿವಿಲ್ ದಾವೆ ಹಾಕಬಹುದು. ನಷ್ಟ ಎಷ್ಟು ಎಂದು ತೋರಿಸಲು ಆಗದಿದ್ದರೂ ಕೋರ್ಟ್ ದಿನಕ್ಕೆ 100 ಡಾಲರ್ ಲೆಕ್ಕದಲ್ಲಿ ಅಥವಾ 10,000 ಡಾಲರ್, ಯಾವುದು ಜಾಸ್ತಿಯೋ ಅದನ್ನು ಕೊಡಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ತಪ್ಪಿಗೆ 5,000 ಡಾಲರ್. ನಮ್ಮಲ್ಲಿ ಇಂಥ ಕನಿಷ್ಠ ಮೊತ್ತ ಇಲ್ಲ, ದೊಡ್ಡ ವ್ಯತ್ಯಾಸ ಅದೇ. ನಮ್ಮ ಐಟಿ ಕಾಯ್ದೆಯ 47ನೇ ಸೆಕ್ಷನ್ ಎದುರಾಳಿಗೆ ಆದ ಲಾಭ, ನಿಮಗೆ ಆದ ನಷ್ಟ, ತಪ್ಪು ಎಷ್ಟು ಸಲ ಆಯಿತು ಎಂದಷ್ಟೇ ನೋಡು ಎನ್ನುತ್ತದೆ. ಮನಸ್ಸಿಗೆ ಆದ ನೋವಿಗೆ ಬಿಲ್ ಎಲ್ಲಿಂದ ತರುವುದು?

ನೀವು ಓದಲೇಬೇಕಾದ್ದು ಇಂಗ್ಲೆಂಡಿನ 2015ರ ತೀರ್ಪು. ಮಿರರ್ ಪತ್ರಿಕಾ ಗುಂಪಿನವರು ವರ್ಷಗಟ್ಟಲೆ ಜನರ ವಾಯ್ಸ್‌ಮೇಲ್ ಕದ್ದು ಕೇಳಿದ್ದರು. ಎಂಟು ಜನರಿಗೆ ಒಟ್ಟು ಸುಮಾರು 12 ಲಕ್ಷ ಪೌಂಡ್ ಪರಿಹಾರ ಕೊಟ್ಟ ನ್ಯಾಯಮೂರ್ತಿ ಮ್ಯಾನ್ ಒಂದು ದೊಡ್ಡ ಮಾತು ಹೇಳಿದರು: ನೋವಾಯಿತು, ಸುದ್ದಿಯಾಯಿತು ಎನ್ನುವುದು ಬೇರೆ, ನಿಮ್ಮ ಖಾಸಗಿ ಮಾತಿನ ಮೇಲಿನ ಹಿಡಿತ ನಿಮ್ಮ ಕೈ ತಪ್ಪಿತಲ್ಲ, ಅದಕ್ಕೇ ಪರಿಹಾರ ಇದೆ. ಮೇಲ್ಮನವಿಯಲ್ಲೂ ಅದು ನಿಂತಿತು. 2023ರ ಡಿಸೆಂಬರಿನಲ್ಲಿ ರಾಜಕುಮಾರ ಹ್ಯಾರಿಗೆ ಅದೇ ಗುಂಪಿನಿಂದ 1,40,600 ಪೌಂಡ್ ಸಿಕ್ಕಿತು. ಬ್ರಹ್ಮಾವರದ ಓದುಗಿ ಬೆಂಗಳೂರಿಗೆ ಅರ್ಜಿ ಹಾಕಿದರೆ ನಾನು ಮೊದಲು ಓದಿ ಹೇಳುವುದು ಆ ತೀರ್ಪನ್ನೇ. ನಮ್ಮ ಅಧಿಕಾರಿ ಅದನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಕೇಳಲಿ.

ದೊಡ್ಡ ಮೊತ್ತ ಘೋಷಣೆಯಾಗುವುದು ಬೇರೆ, ಕೈಗೆ ಬರುವುದು ಬೇರೆ. 1,400 ಜನರ ಫೋನಿಗೆ ಪೆಗಾಸಸ್ ಎಂಬ ಬೇಹುಗಾರಿಕೆ ಸಾಫ್ಟ್‌ವೇರ್ ಬಿಟ್ಟದ್ದಕ್ಕೆ ಅದನ್ನು ತಯಾರಿಸಿದ ಇಸ್ರೇಲಿನ ಕಂಪನಿ ಎನ್‌ಎಸ್‌ಒ ಮೇಲೆ ವಾಟ್ಸಾಪ್ 2019ರಲ್ಲಿ ಹಾಕಿದ ದಾವೆಯಲ್ಲಿ 2025ರ ಮೇಯಲ್ಲಿ ಜ್ಯೂರಿ ಸುಮಾರು 16.7 ಕೋಟಿ ಡಾಲರ್ ದಂಡ ಹಾಕಿತು. ಅಕ್ಟೋಬರಿನಲ್ಲಿ ನ್ಯಾಯಾಧೀಶರು ಅದನ್ನು ಸುಮಾರು 40 ಲಕ್ಷ ಡಾಲರಿಗೆ ಇಳಿಸಿದರು, ಜೊತೆಗೆ ಇನ್ನು ಮುಂದೆ ವಾಟ್ಸಾಪಿಗೆ ಕೈ ಹಾಕಕೂಡದು ಎಂದು ಶಾಶ್ವತ ತಡೆಯಾಜ್ಞೆ ಕೊಟ್ಟರು. ನನಗೆ ಆ ತಡೆಯಾಜ್ಞೆಯೇ ದೊಡ್ಡದಾಗಿ ಕಾಣುತ್ತದೆ.

ನಮ್ಮ 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ ದಂಡ 250 ಕೋಟಿವರೆಗೆ ಇದೆ. ಅದು ಹೋಗುವುದು ಸರಕಾರದ ಖಜಾನೆಗೆ, ನೊಂದವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಇದು ತಪ್ಪು ಎಂದು ನಾನು ಎಲ್ಲ ವೇದಿಕೆಯಲ್ಲೂ ಹೇಳುತ್ತಾ ಬಂದಿದ್ದೇನೆ. ನೀವು ಕಾನೂನು ಓದುತ್ತಿದ್ದೀರಿ, ಪ್ರಾಜೆಕ್ಟಿಗೆ ಇದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆ. ಅವಳಿಗೆ ಗೊತ್ತಿಲ್ಲದೆ ಅವಳ ಮೆಸೇಜ್ ನೋಡುವ ಆಪ್ ಹಾಕಿದ್ದೇನೆ. ಜೂನಿನಲ್ಲಿ 18 ತುಂಬುತ್ತದೆ. ತಂದೆಯಾದ ನನಗೂ ಈ ಕಾನೂನು ಬರುತ್ತದಾ? — ಓದುಗ, ಕಾರ್ಕಳ

ಉತ್ತರ: 18ರ ಒಳಗೆ ನೀವು ಅವಳ ಪೋಷಕರು, ಅವಳ ಸುರಕ್ಷತೆ ನೋಡುವ ಹಕ್ಕೂ ಹೊಣೆಯೂ ನಿಮಗೆ ಇದೆ, ನಿಮ್ಮ ಮೇಲೆ ಕೇಸ್ ನಿಲ್ಲುವುದು ಕಷ್ಟ. ಆದರೆ ಅವಳಿಗೆ ಬರೆದ ಗೆಳತಿಯರ ಮಾತನ್ನೂ ನೀವು ಓದುತ್ತಿದ್ದೀರಿ, ಆ ಮಕ್ಕಳಿಗೂ ಅಪ್ಪ ಅಮ್ಮ ಇದ್ದಾರೆ. 18 ತುಂಬಿದ ದಿನದಿಂದ ಮಗಳು ಎನ್ನುವುದು ಕಾನೂನಿಗೆ ಲೆಕ್ಕಕ್ಕೆ ಬರುವುದಿಲ್ಲ, 43ನೇ ಸೆಕ್ಷನ್ನಿನಲ್ಲಿ ತಂದೆಗೆ ರಿಯಾಯಿತಿ ಇಲ್ಲ. ಜೂನಿನವರೆಗೆ ಕಾಯಬೇಡಿ. ಈ ಶನಿವಾರ ಅವಳು ಊರಿಗೆ ಬಂದಾಗ ಎದುರು ಕೂರಿಸಿಕೊಂಡು ಹೇಳಿ, ಅವಳ ಎದುರೇ ಆ ಆಪ್ ತೆಗೆಯಿರಿ. ಅವಳು ಎರಡು ದಿನ ಮಾತು ಬಿಡಬಹುದು, ಬಿಡಲಿ.